ಹತ್ತು ನಿಮಿಷದ ಅಚ್ಚು

ಪ್ಲಾಸ್ಟಿಕ್ ಕಾರ್ಖಾನೆಯ ದಿನದ ಪಟ್ಟಿಯಲ್ಲಿ, ಬಕೆಟ್ಟಿನ ಅಚ್ಚು ಇಳಿಸಿ ಮಗ್ಗಿನ ಅಚ್ಚು ಏರಿಸಲು ಹತ್ತು ನಿಮಿಷ ಎಂದಿತ್ತು. ಹತ್ತು ನಿಮಿಷ! ಅಷ್ಟರಲ್ಲಿ ಬೋಲ್ಟುಗಳೂ ಸಡಿಲವಾಗುವುದಿಲ್ಲ. ಒಬ್ಬರೇ ಮಾಡಿದರೆ ನಲವತ್ತು ಬೇಕು. ಇಪ್ಪತ್ತೆರಡು ವರ್ಷದಿಂದ ಅಚ್ಚು ಕೂರಿಸುತ್ತಿದ್ದ ಮೇಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನ ಪಾಳಿಯಲ್ಲಿ ಕೈಜೋಡಿಸಲು ಮೂವರಿದ್ದರು. ಎರಡನೇ ಪಾಳಿಯಲ್ಲಿ ಅವನ ತಂಗಿಯ ಮಗಳು ಒಬ್ಬಳೇ. ಅಚ್ಚು ಬದಲಿಸುವುದು ದಿನಾ ಅರ್ಧ ಗಂಟೆ ತಡ, ಎರಡು ಸಲ ಎಚ್ಚರಿಕೆ ಪತ್ರ. ಮೂರನೆಯದಕ್ಕೆ ಕೆಲಸವೇ ಹೋಗುತ್ತದೆ. ಅದೂ ಟೈಪಾಗಿ ಮ್ಯಾನೇಜರ್ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಸುದ್ದಿ ಕೇಳಿ ಮೇಸ್ತ್ರಿ ಉರಿದುಕೊಂಡು ಮ್ಯಾನೇಜರ್ ಕೋಣೆಗೆ ನುಗ್ಗಿದ.

"ಏನ್ ಸಾರ್ ಇದು? ಎಸಿ ರೂಮಲ್ಲಿ ಕೂತು ಮನಸ್ಸಿಗೆ ಬಂದಿದ್ದು ಬರೆದ್ರೆ ಅಚ್ಚು ತಾನಾಗೇ ಹಾರಿ ಕೂರತ್ತಾ? ಹತ್ತು ನಿಮಿಷ ಅಂತ ಯಾರ್ ಹೇಳಿದ್ದು?"

ಮ್ಯಾನೇಜರ್ ಒಂದು ಕಾಗದ ಮುಂದೆ ತಳ್ಳಿದರು. "ನೀವೇ."

ಕೆಳಗೆ ಅವನದೇ ಸಹಿ. ಸ್ಟಾಪ್‌ವಾಚ್ ಹಿಡಿದವನು ಸಮಯ ಅಳೆಯಲು ಬಂದ ದಿನ ಮೇಸ್ತ್ರಿಗೆ ಜಂಬ ನೆತ್ತಿಗೇರಿತ್ತು. ಪಾಳಿಯ ಮರ್ಯಾದೆ ಎಂದು ಮೊದಲೇ ಅಚ್ಚು ಬಿಸಿಮಾಡಿ, ಬೋಲ್ಟು ಸಡಿಲಿಸಿ, ಮೂವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ಹತ್ತೇ ನಿಮಿಷಕ್ಕೆ ಕೆಲಸ ಮುಗಿದಾಗ ಚಪ್ಪಾಳೆ ಬಿದ್ದಿತ್ತು. ಅವನು ತೋಡಿದ ಹಳ್ಳಕ್ಕೆ ಈಗ ಮನೆಮಗಳು ಬಿದ್ದಿದ್ದಳು.

"ಅವತ್ತು ನಾಲ್ಕು ಜನ ಇದ್ವಿ ಸಾರ್."

"ಕಾಗದದಲ್ಲಿ ಒಬ್ಬರದೇ ಹೆಸರಿದೆ. ಒಂದೋ ಅವಳು ಸೋಮಾರಿ, ಇಲ್ಲ ನೀವು ಸುಳ್ಳುಗಾರ. ಮುಂದಿನ ತಿಂಗಳು ಸೂಪರ್‌ವೈಸರ್ ಆಗೋರು, ಯೋಚನೆ ಮಾಡಿ ಮಾತಾಡಿ."

ಮೇಸ್ತ್ರಿಯ ರಕ್ತ ಕುದಿಯಿತು. ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ಈ ಮಹಾನುಭಾವರೂ ಇದ್ದರು! ಎಲ್ಲ ಕಣ್ಣಾರೆ ಕಂಡು, ನಾಲ್ವರ ಕೆಲಸವನ್ನು ಒಬ್ಬಳ ತಲೆಗೆ ಕಟ್ಟಿ, ಹೆಚ್ಚು ಆರ್ಡರ್ ಹಿಡಿದು ಮೇಲಿನವರಿಂದ ಭೇಷ್ ಎನ್ನಿಸಿಕೊಂಡಿದ್ದರು.

"ಪೆನ್ ಕೊಡಿ."

ನಿಂತಲ್ಲೇ ಬರೆದ: ಅವತ್ತು ನಾನು ಮೋಸ ಮಾಡಿದೆ. ನಾಲ್ಕು ಜನ ಸೇರಿ ಮಾಡಿದ್ದನ್ನು ಮ್ಯಾನೇಜರೂ ನೋಡಿದ್ದಾರೆ. ಒಬ್ಬರಿಗೆ ನಲವತ್ತು ನಿಮಿಷ ಬೇಕು.

"ನನ್ನನ್ನ ಯಾಕ್ರೀ ಎಳೀತೀರಿ?"

"ಹಾಗಾದ್ರೆ ಅವಳ ಪತ್ರ ಹರೀರಿ, ಪಟ್ಟೀಲಿ ನಲವತ್ತು ಅಂತ ತಿದ್ದಿ. ಇಲ್ಲಾಂದ್ರೆ ಇದು ಮಾಲೀಕರ ಹತ್ರ ಹೋಗತ್ತೆ."

ಪತ್ರ ಎರಡು ತುಂಡಾಯಿತು, ಪಟ್ಟಿಯ ಹತ್ತು ನಲವತ್ತಾಯಿತು. ಸೂಪರ್‌ವೈಸರ್ ಕೆಲಸಕ್ಕೂ ಅಲ್ಲಿಗೇ ಎಳ್ಳುನೀರು ಬಿಟ್ಟಂತಾಯಿತು.

ಪಾಳಿ ಬದಲಾಗುವಾಗ ಆ ತುಂಡುಗಳನ್ನು ಅವಳ ಕೈಗಿಟ್ಟು ನಡೆದದ್ದೆಲ್ಲ ಹೇಳಿದ. ಖುಷಿಪಡುತ್ತಾಳೆಂದುಕೊಂಡಿದ್ದ. ಅವಳ ಮುಖ ಕೆಂಪಾಯಿತು.

"ಮಾವ ಹತ್ತು ನಿಮಿಷಕ್ಕೆ ಮಾಡ್ತಾರೆ, ನನ್ನ ಕೈಯೇ ಸರಿಯಿಲ್ಲ ಅಂತ ಎರಡು ತಿಂಗಳು ಅತ್ತಿದೀನಿ. ನಿಮ್ಮನ್ನ ಕೇಳೋಕೂ ನಾಚಿಕೆಯಾಗ್ತಿತ್ತು. ಒಂದ್ ಮಾತು ಹೇಳಬಾರದಿತ್ತಾ?"

ಮೇಸ್ತ್ರಿ ಮನೆಗೆ ಹೊರಡಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ಅವಳ ಯಂತ್ರದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ.