ಈವೊ ನಿಲ್ಲುವ ಜಾಗ

"ಕಾರಂಜಿ ಹತ್ರಾನೇ ನಿಲ್ತಾನೆ, ಬರೆದಿಟ್ಕೋ," ಎಂದು ಎರ್ಸೀಲಿಯಾ ಮಗುವಿನ ತಳ್ಳುಗಾಡಿಯ ಹಿಡಿಯನ್ನು ಒಂದು ಕಡೆಯಿಂದ ಬಿಗಿಯಾಗಿ ಹಿಡಿದುಕೊಂಡಳು. ಇನ್ನೊಂದು ಕಡೆ ಸೊಸೆ ಮಿರ್ತಾ ಹಿಡಿದಿದ್ದಳು. ಗಾಡಿಯೊಳಗೆ ಹನ್ನೊಂದು ದಿನದ ದೇಲಿಯಾ ಯಾರ ಹಂಗೂ ಇಲ್ಲದೆ ನಿದ್ದೆ ಹೊಡೆಯುತ್ತಿದ್ದಳು.

"ಇವತ್ತು ಎಲ್ಲೂ ನಿಲ್ಲಲ್ಲ ಅತ್ತೆ. ಬೆಳಿಗ್ಗೆ ಫೋನಲ್ಲಿ ಅವನೇ ಹೇಳಿದ್ನಲ್ಲ."

"ಅವನು ಹೇಳೋದು ನಂಗೊತ್ತಿಲ್ವಾ? ಮದುವೇನೇ ಆಗಲ್ಲ ಅಂತಾನೂ ಹೇಳಿದ್ದ."

ಮೂರು ವಾರ ಇಟಲಿಯನ್ನು ಸುತ್ತುವ ಜಿರೊ ಸೈಕಲ್ ಸ್ಪರ್ಧೆಯಲ್ಲಿ ಒಂದು ಹಳೆಯ ರೂಢಿಯಿದೆ. ದಾರಿಯಲ್ಲಿ ತನ್ನ ಊರು ಬಂದರೆ, ಆ ಊರಿನ ಸವಾರ ಗುಂಪಿನ ಹಿರಿಯರನ್ನು ಒಂದು ಮಾತು ಕೇಳಿ ಎರಡು ನಿಮಿಷ ಮುಂದೆ ಹೋಗಬಹುದು. ಮನೆಯವರನ್ನು ಕಂಡು, ಅಜ್ಜಿಯಿಂದ ಮುತ್ತಿಡಿಸಿಕೊಂಡು, ಗುಂಪು ಬಂದಾಗ ಸೇರಿಕೊಳ್ಳಬಹುದು. ಯಾರೂ ಅವನನ್ನು ಬಿಟ್ಟು ಓಡುವುದಿಲ್ಲ. ಈ ರೂಢಿಯನ್ನು ನಂಬಿಕೊಂಡೇ ಎರ್ಸೀಲಿಯಾ ತನ್ನ ಮಗ ಈವೊ ನಿಲ್ಲುತ್ತಾನೆಂದು ಒಂದು ವಾರದಿಂದ ಮೊಂತೆರಾಗೊ ಊರಿಗೆಲ್ಲ ಡಂಗುರ ಹೊಡೆದಿದ್ದಳು. ಮೂವತ್ತು ವರ್ಷ ಬೇಕರಿ ನಡೆಸಿದವಳು. ಅವಳು ಒಂದು ಸಲ ಹೇಳಿದ್ದು ಬ್ರೆಡ್ಡಿನ ಜೊತೆ ಪ್ರತಿ ಮನೆಗೂ ತಲುಪುತ್ತದೆ. ಮೇಯರ್ ಬ್ಯಾಂಡಿನವರನ್ನು ಕರೆಸಿದ್ದ. ಚೌಕದ ತುಂಬ ಗುಲಾಬಿ ಬಣ್ಣದ ರಿಬ್ಬನ್ನು ಕಟ್ಟಿದ್ದರು. ಕರಿದ ಆಲಿವ್ ಕಾಯಿಗಳ ವಾಸನೆ ಎದ್ದಿತ್ತು.

ಆದರೆ ಆ ರೂಢಿ ಸಮತಟ್ಟು ದಾರಿಯ ಸೋಮಾರಿ ದಿನಗಳಿಗೆ ಸರಿ. ಇವತ್ತಿನದು ಗುಡ್ಡಗಳ ದಿನ. ನಮ್ಮ ಗುಡ್ಡಗಳನ್ನು ಕಂಡರೆ ಆಲ್ಪ್ಸ್ ಕಡೆಯವರು ನಗುತ್ತಾರೆ, ನಗಲಿ. ಎತ್ತರ ಕಡಿಮೆ, ಆದರೆ ನೆಟ್ಟಗೆ ನಿಂತಿರುತ್ತವೆ. ಒಂದನ್ನು ಹತ್ತಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬರುತ್ತದೆ. ಇವತ್ತು ಅಂಥವು ಹದಿನಾಲ್ಕು. ಹದಿಮೂರನೆಯದು ನಮ್ಮ ಹೇಸರಗತ್ತೆ ಏರು. ಊರಿನ ಚೌಕಕ್ಕೆ ಬರಬೇಕಾದರೆ ಅದನ್ನು ಹತ್ತಲೇಬೇಕು. ಈವೊನ ತಂಡದ ನಾಯಕನಿಗೂ, ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿರುವವನು ತೊಡುವ ಗುಲಾಬಿ ಅಂಗಿಗೂ ನಡುವೆ ಇರುವುದು ಬರೀ ಆರು ಸೆಕೆಂಡು. ಗಾಳಿಗೆ ಎದೆಯೊಡ್ಡಿ ನಾಯಕನನ್ನು ಹಿಂದೆ ಕರೆದುಕೊಂಡು ಬರುವುದು ಈವೊನ ಕೆಲಸ. ಹತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ, ಒಂದು ಸಲವೂ ಗೆದ್ದಿಲ್ಲ.

ಮಗು ವೈದ್ಯರು ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ, ಸ್ಪರ್ಧೆ ಶುರುವಾದ ದಿನವೇ ಹುಟ್ಟಿತ್ತು. ಸ್ಪರ್ಧೆ ಬಿಟ್ಟು ಬರಲು ಈವೊ ಅಂದೇ ಚೀಲ ಕಟ್ಟಿದ್ದ. "ಬಂದ್ರೆ ಬಾಗಿಲು ತೆಗೆಯಲ್ಲ," ಎಂದು ಮಿರ್ತಾ ಆಸ್ಪತ್ರೆಯ ಮಂಚದಿಂದಲೇ ಗದರಿ ನಿಲ್ಲಿಸಿದ್ದಳು. ಅವಳೂ ಹತ್ತೊಂಬತ್ತನೆಯ ವಯಸ್ಸಿನವರೆಗೆ ಸೈಕಲ್ ಸ್ಪರ್ಧೆಗಳಲ್ಲಿ ಓಡಿದವಳು. ಹಾಗೆ ಹೇಳಿದ್ದಕ್ಕೆ ಆಮೇಲೆ ಪ್ರತಿ ದಿನ ಪಶ್ಚಾತ್ತಾಪಪಟ್ಟಳು. ಅಪ್ಪ ಮಗಳನ್ನು ಇನ್ನೂ ನೋಡಿಲ್ಲ. ಇವತ್ತು ತಪ್ಪಿದರೆ ಇನ್ನೂ ಹತ್ತು ದಿನ.

"ನೋಡಿ ಅತ್ತೆ," ಎಂದಳು ಮಿರ್ತಾ, "ಏರಿನ ಬುಡಕ್ಕೆ ಬರೋ ಹೊತ್ಗೆ ಅವನ ಕೆಲಸ ಮುಗಿದಿರುತ್ತೆ. ಕಾಲು ಸತ್ತಿರುತ್ತೆ. ಚೌಕದ ಕೆಳಗಿನ ತಿರುವಲ್ಲಿ ನಡೆಯೋ ಹಾಗೆ ಹೋಗ್ತಿರ್ತಾನೆ. ನಿಲ್ಲದಿದ್ರೂ ಅರ್ಧ ನಿಮಿಷ ಮಗೂನ ನೋಡ್ಬಹುದು. ಇಲ್ಲಿ ಚೌಕದಲ್ಲಿ ದಾರಿ ಸಪಾಟು, ಸುಯ್ ಅಂತ ಹೋಗ್ಬಿಡ್ತಾನೆ."

"ಹುಟ್ಟಿದೂರಲ್ಲಿ ನನ್ನ ಮಗ ಸುಯ್ ಅಂತ ಹೋಗ್ತಾನಾ? ಬ್ಯಾಂಡಿನವರ ಮುಂದೆ?"

"ಬ್ಯಾಂಡಿನವರು ಅವನ ಮಕ್ಕಳಲ್ಲ."

ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಮಿರ್ತಾ ಮಗುವನ್ನು ಮೆಲ್ಲಗೆ ಎತ್ತಿ ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಇಳಿಜಾರಿನಲ್ಲಿ ಹೊರಟೇಬಿಟ್ಟಳು. ಖಾಲಿ ಗಾಡಿ ಹಿಡಿದುಕೊಂಡು ಎರ್ಸೀಲಿಯಾ ಕಾರಂಜಿಯ ಪಕ್ಕದಲ್ಲೇ ನಿಂತಳು. ಕೇಳಿದವರಿಗೆಲ್ಲ, "ಮಗು ಈಗ ಬರುತ್ತೆ," ಎನ್ನುತ್ತಿದ್ದಳು.

ಚೌಕದಿಂದ ಮುನ್ನೂರು ಮೀಟರು ಕೆಳಗಿನ ತಿರುವಿನಲ್ಲಿ ಕ್ಷೌರಿಕ ಪ್ರೀಮೊ ಬೆಳಗಿನಿಂದಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅದು ಅವನ ಅಂಗಡಿಯ ಕುರ್ಚಿಯೇ. ಅದನ್ನು ಮಿರ್ತಾಗೆ ಬಿಟ್ಟುಕೊಟ್ಟು, ರೇಡಿಯೊವನ್ನು ಕಿವಿಗೆ ಹಿಡಿದು ಸುದ್ದಿ ಹಂಚತೊಡಗಿದ. ಹತ್ತನೆಯ ಗುಡ್ಡ ಆಯಿತು. ಹನ್ನೊಂದರಲ್ಲಿ ಒಬ್ಬ ಸ್ಪೇನಿನವ ಗುಂಪು ಬಿಟ್ಟು ಮುಂದೆ ಓಡಿದ. ಹನ್ನೆರಡರಲ್ಲಿ ಅವನನ್ನು ಹಿಡಿದರು.

"ನಮ್ಮೋನು?" ಎಂದು ಮಿರ್ತಾ ಕೇಳಿದಳು.

"ನಮ್ಮೋನ ಹೆಸರು ಹೇಳೋದು ಬಿದ್ದಾಗ ಮಾತ್ರ ಕಣಮ್ಮ. ಹೇಳಿಲ್ಲ ಅಂದ್ರೆ ಚೆನ್ನಾಗಿದ್ದಾನೆ ಅಂತ."

ಹೆಲಿಕಾಪ್ಟರ್ ಸದ್ದು ಕಣಿವೆಯ ಆಚೆ ಕೇಳಿಸಿತು. ಮೋಟಾರ್ ಸೈಕಲ್ಲುಗಳು ಬಂದವು. ಮಿರ್ತಾ ಎದ್ದು ರಸ್ತೆಯ ಅಂಚಿಗೆ ಬಂದು ಮಗುವಿನ ಮುಖ ಕಾಣುವಂತೆ ಬಟ್ಟೆ ಸರಿಸಿದಳು. ಮೊದಲು ಬರುವ ಗುಂಪನ್ನು ಅವಳು ನೋಡಬೇಕಾಗಿಯೇ ಇರಲಿಲ್ಲ. ಅವಳ ಲೆಕ್ಕದಲ್ಲಿ ಈವೊ ಎಷ್ಟೋ ಹಿಂದೆ ಇರಬೇಕಿತ್ತು. ಆದರೂ ನೋಡಿದಳು. ಇಪ್ಪತ್ತು ಜನರ ಆ ಗುಂಪಿನ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಬಾಯಿ ತೆರೆದು, ತುಟಿಯ ಸುತ್ತ ಉಪ್ಪು ಕಟ್ಟಿಸಿಕೊಂಡು ಬರುತ್ತಿದ್ದವನು ಅವಳ ಗಂಡನೇ.

ಊರಿಗೆ ಹುಚ್ಚು ಹಿಡಿಯಿತು. ನಮ್ಮವನು, ನಮ್ಮ ಏರಿನ ಮೇಲೆ, ದೇಶದ ದೊಡ್ಡ ದೊಡ್ಡವರನ್ನೆಲ್ಲ ಹಿಂದೆ ಇಟ್ಟುಕೊಂಡು ಬರುತ್ತಿದ್ದಾನೆ. ಮಿರ್ತಾ ಕೂಗಿದಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಈವೊ ಒಂದು ಮೊಳ ದೂರದಲ್ಲಿ ಹಾದುಹೋದ. ಅವನ ಕಣ್ಣು ಟಾರಿನ ಮೇಲಿತ್ತು. ಅವನಿಗೆ ಹೆಂಡತಿಯೂ ಕಾಣಲಿಲ್ಲ, ಮಗಳೂ ಕಾಣಲಿಲ್ಲ.

"ಹತ್ತು ವರ್ಷ ಇಲ್ದಿದ್ದ ಶಕ್ತಿ ಇವತ್ತೇ ಬರ್ಬೇಕಿತ್ತಾ ಇವನಿಗೆ?" ಎಂದು ಅವಳು ಕುರ್ಚಿಯಲ್ಲಿ ಕುಸಿದಳು.

ಚೌಕದ ಬಾಯಿಯಲ್ಲಿ ಈವೊನ ಶಕ್ತಿ ಮುಗಿಯಿತು. ಪಕ್ಕಕ್ಕೆ ಸರಿದ. ನಾಯಕ ಅವನ ಬೆನ್ನು ತಟ್ಟಿ ಮುಂದೆ ಹಾರಿದ, ಉಳಿದವರೂ ಹಿಂದೆ ಹೋದರು. ಈವೊ ಉರುಳಿಕೊಂಡು ಬಂದು ಕಾರಂಜಿಯ ಪಕ್ಕ ಕಾಲೂರಿದ. ಬ್ಯಾಂಡಿನವರು ಊದಲು ಮರೆತರು. ಅವನು ಅವ್ವನ ಕೆನ್ನೆಗೆ ಮುತ್ತಿಟ್ಟು ಗಾಡಿಯೊಳಗೆ ಬಗ್ಗಿದ.

"ಮಗು ಎಲ್ಲವ್ವ?"

"ಕೆಳಗೆ ತಿರುವಲ್ಲಿದೆ. ನಿನ್ನ ಹೆಂಡ್ತಿಗೆ ಲೆಕ್ಕಾಚಾರ ಜಾಸ್ತಿ."

ಈವೊ ಸೈಕಲ್ಲಿನ ಮೂತಿಯನ್ನು ಇಳಿಜಾರಿಗೆ ತಿರುಗಿಸಿದ. ಎರ್ಸೀಲಿಯಾ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ನಿಲ್ಲಿಸಿದಳು. "ಹಿಂದಕ್ಕೆ ಹೋದ್ರೆ ಸ್ಪರ್ಧೆಯಿಂದಾನೇ ಓಡಿಸ್ತಾರೆ. ತಲೆ ನೆಟ್ಟಗಿದೆಯಾ? ಎಷ್ಟು ಹೊತ್ತು ನಿಲ್ಬಹುದು ಅಷ್ಟು ಹೇಳು."

"ಕೊನೇ ಗುಂಪು ಬರೋವರೆಗೂ. ಅವರ ಜೊತೆ ಹೋಗದಿದ್ರೆ ಹೊತ್ತು ಮೀರಿತು ಅಂತ ಸ್ಪರ್ಧೆಯಿಂದ ಹೊರಗೆ ಹಾಕ್ತಾರೆ."

ಕೊನೆಯ ಗುಂಪೆಂದರೆ ಏರಿಗೆ ಹೆದರುವ ದಢೂತಿ ಸವಾರರದು. ಅವರು ಆಗಲೇ ಬುಡಕ್ಕೆ ಬಂದಿದ್ದರು. ಎರ್ಸೀಲಿಯಾ ತಿರುಗಿ ನಿಂತು, ಬೇಕರಿಯಲ್ಲಿ ಕೂಗುತ್ತಿದ್ದ ಗಂಟಲಿನಿಂದ ಕೂಗಿದಳು: "ಈವೊ ನಿಂತಿದ್ದಾನೆ, ಮಗೂನ ಮೇಲಕ್ಕೆ ಕಳಿಸಿ." ಮಾತು ಬಾಯಿಂದ ಬಾಯಿಗೆ ಇಳಿಯುತ್ತ ತಿರುವನ್ನು ಮುಟ್ಟಿತು.

ಮಿರ್ತಾ ಎದ್ದು ಹೊರಟಳು. ಆದರೆ ಹೆತ್ತು ಹನ್ನೊಂದು ದಿನವಾದ ಮೈ. ಇಪ್ಪತ್ತು ಹೆಜ್ಜೆಗೇ ನಿಂತುಬಿಟ್ಟಳು. ಆಗ ಅವಳ ಬೆನ್ನಿಗೆ ಒಂದು ಅಂಗೈ ಬಂದು ಕೂತಿತು. ಅದು ಪ್ರೀಮೊನದು. ಸೋತ ಸವಾರರನ್ನು ಬೆನ್ನಿಗೆ ಕೈಕೊಟ್ಟು ಮೇಲಕ್ಕೆ ತಳ್ಳುವುದು ನಮ್ಮೂರಿನ ಅಭ್ಯಾಸ. ಅಧಿಕಾರಿಗಳ ಕಾರು ಕಂಡರೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತೇವೆ. ಪ್ರೀಮೊ ಐದು ಹೆಜ್ಜೆ ತಳ್ಳಿ ಪಕ್ಕದವನಿಗೆ ಬಿಟ್ಟ, ಅವನು ಐದು ಹೆಜ್ಜೆ, ಆಮೇಲೆ ಅವನ ಹೆಂಡತಿ, ಆಮೇಲೆ ಔಷಧದಂಗಡಿಯವಳು. ಮಿರ್ತಾ ಎರಡು ಕೈಯಲ್ಲಿ ಮಗುವಿನ ತಲೆ ಹಿಡಿದು ಬರೀ ಹೆಜ್ಜೆ ಹಾಕಿದಳು. ಅಷ್ಟರಲ್ಲಿ ಪಕ್ಕದಲ್ಲೇ ಕೊನೆಯ ಗುಂಪು ಅಡ್ಡಡ್ಡ ಓಲಾಡುತ್ತ ಬಂತು. ಎತ್ತರದ ಬೆಲ್ಜಿಯಂನವನೊಬ್ಬ ಅವಳು ತನ್ನನ್ನು ದಾಟಿ ಹೋಗುವುದನ್ನು ನೋಡಿ, "ನಂಗೂ ಒಂದು ಮಗು ಕೊಡಿ," ಎಂದ. ಅವನಿಗೂ ನಾಲ್ಕು ಕೈಗಳು ಸಿಕ್ಕವು.

ಚೌಕಕ್ಕೆ ಮಿರ್ತಾ ಮೊದಲು ಬಂದಳು. ಈವೊ ಕೈ ಚಾಚಿದವನು ಗ್ರೀಸು ಕಂಡು ಹಿಂದಕ್ಕೆಳೆದುಕೊಂಡ. ಎರ್ಸೀಲಿಯಾ ಏಪ್ರನ್ನಿನ ಅಂಚನ್ನು ಕಾರಂಜಿಯಲ್ಲಿ ಅದ್ದಿ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಮಿರ್ತಾ ಮಗುವನ್ನು ಅವನ ಹೆಗಲಿಗೆ ಒರಗಿಸಿದಳು.

"ಇಷ್ಟೇನಾ?" ಎಂದ ಈವೊ. ಅಳುತ್ತಿದ್ದ, ನಗುತ್ತಿದ್ದ.

"ತಿರುವಲ್ಲಿ ನಿನ್ನ ಮೂಗಿನ ಮುಂದೇನೇ ಇದ್ವಲ್ಲ."

"ತಿರುವು ಯಾವಾಗ ಬಂತು?"

ಕೊನೆಯ ಗುಂಪು ಚೌಕಕ್ಕೆ ಬಂತು. ಯಾರೂ ಹೇಳದಿದ್ದರೂ ಎಲ್ಲರೂ ತುಳಿಯುವುದನ್ನು ಬಿಟ್ಟು ಕಾರಂಜಿಯನ್ನು ಒಂದು ಸುತ್ತು ಬಳಸಿದರು. ಬೆಲ್ಜಿಯಂನವನು, "ಇನ್ನು ಹೊರಡೋಣ ಅಪ್ಪಾಜಿ," ಎಂದ. ಈವೊ ಮಗುವನ್ನು ಹಿಂದಕ್ಕೆ ಕೊಟ್ಟ. ಅವನ ಹೆಗಲ ಮೇಲೆ ದೇಲಿಯಾ ಹಾಲು ಕಕ್ಕಿದ್ದಳು. ಎರ್ಸೀಲಿಯಾ ಒರೆಸಲು ಏಪ್ರನ್ನು ಎತ್ತಿದಳು. ಈವೊ ಹೆಗಲನ್ನು ಸರಿಸಿಕೊಂಡು ಪೆಡಲಿನ ಮೇಲೆ ಕಾಲಿಟ್ಟ. ಗುಂಪು ಅವನನ್ನು ಒಳಗೆ ಸೇರಿಸಿಕೊಂಡು ಹದಿನಾಲ್ಕನೆಯ ಗುಡ್ಡದ ಕಡೆಗೆ ಇಳಿಯಿತು, ಕೊನೆಯ ಮನೆ ದಾಟುವವರೆಗೂ ಆ ಬಿಳಿ ಕಲೆ ಕಾಣುತ್ತಿತ್ತು.