ಏಳು ಸೆಕೆಂಡಿನ ಕೂಸು

ನಾನು ಒಂದು ಟಿವಿ. ಈಗ ಗೋಡೆಗೆ ನೇತುಹಾಕುವ ತೆಳ್ಳನೆಯದಲ್ಲ. ಬೆನ್ನು ಉಬ್ಬಿದ ಹಳೆಯ ಡಬ್ಬಿ. ಕಾರ್ಖಾನೆಯಲ್ಲಿ ಹುಟ್ಟಿದ ದಿನ ನನ್ನ ಗಾಜಿನ ಮೇಲೆ ಬಣ್ಣದ ಪಟ್ಟಿಗಳು ಮೂಡಿದಾಗ ಒಬ್ಬ ಹೆಣ್ಣುಮಗಳು ‘ಸರಿ ಇದೆ’ ಎಂದು ಚೀಟಿ ಅಂಟಿಸಿದಳು. ಲಾರಿ, ಗೋದಾಮು, ಅಂಗಡಿ ದಾಟಿ ಬೆಟಗೇರಿಯ ಎರಡು ಕೋಣೆಯ ಮನೆಯೊಂದಕ್ಕೆ ಬಂದೆ. ಮನೆಯಾಕೆ ಶಾವಂತ್ರೆವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಗಂಡ ಬಸಲಿಂಗಪ್ಪ ಶಾಲೆಯೊಂದರ ಜವಾನ. ಮಕ್ಕಳಿರಲಿಲ್ಲ.

ಎರಡನೇ ವರ್ಷದ ಒಂದು ಬೆಳಿಗ್ಗೆ, ದೂರದ ರಾಜ್ಯದಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದವು. ಸುದ್ದಿ ಹೇಳಿದ್ದು ನಾನೇ. ದಪ್ಪ ಮೀಸೆಯ ಯೋಧನೊಬ್ಬ ಒಡೆದ ಕಿಟಕಿಯಿಂದ ಹಳದಿ ಫ್ರಾಕಿನ ಕೂಸನ್ನು ಎತ್ತಿಕೊಂಡು ಹೊರಬಂದ. ಆ ಫ್ರಾಕು ಶಾವಂತ್ರೆವ್ವನೇ ತಂಗಿಯ ಮಗಳಿಗೆ ಕೊಡಿಸಿದ್ದು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ತಂಗಿ, ತಂಗಿಯ ಗಂಡ ಇಬ್ಬರೂ ಉಳಿಯಲಿಲ್ಲ. ದೇಶದಲ್ಲಿ ಬಾವುಟ ಅರ್ಧಕ್ಕೆ ಇಳಿಯಿತು. ಹದಿನೈದು ದಿನಕ್ಕೆ ನಾಲ್ಕೂವರೆ ವರ್ಷದ ತ್ರಿವೇಣಿ ಈ ಮನೆಗೆ ಬಂದಳು. ನನ್ನೊಳಗೂ ಅವಳೇ ಇದ್ದಳು. ಕಿಟಕಿ, ಮೀಸೆ, ಹಳದಿ ಫ್ರಾಕು: ಏಳು ಸೆಕೆಂಡು. ಎಲ್ಲ ಚಾನೆಲ್ಲಿನಲ್ಲೂ ಅದೇ. ಕೂಸು ಬಂದು ನನ್ನ ಗಾಜನ್ನು ಬೆರಳಿನಿಂದ ಮುಟ್ಟುತ್ತಿತ್ತು. ಕಣ್ಣು ಮುಚ್ಚಿಕೊಳ್ಳಲು ನನಗೆ ರೆಪ್ಪೆಯಿರಲಿಲ್ಲ.

ಶಾವಂತ್ರೆವ್ವ ಹಿಟ್ಟಿನ ಕೈಯಲ್ಲೇ ಬಂದು ನನ್ನ ಗುಂಡಿ ಒತ್ತಿ ಆರಿಸುತ್ತಿದ್ದಳು.

“ಇರ್ಲಿ ಬಿಡ, ಇಡೀ ದೇಶನ ಅಕಿ ಸಲುವಾಗಿ ಅಳಾಕತ್ತೈತಿ,” ಎಂದ ಬಸಲಿಂಗಪ್ಪ.

“ದೇಶ ಅಳ್ಲಿ. ಉಣಸಾಕ ನಾ ಒಬ್ಬಾಕಿ ಅದೀನಿ.”

ಕೂಸು ಉಣ್ಣುತ್ತಿರಲಿಲ್ಲ. ತುತ್ತನ್ನು ದವಡೆಯಲ್ಲಿ ಇಟ್ಟುಕೊಂಡು ಕೂತುಬಿಡುತ್ತಿತ್ತು. ನೆರೆಯವರು ಬಾಗಿಲಲ್ಲಿ ನಿಂತು ‘ರೈಲಿನ ಕೂಸು ಇದ ಏನ್’ ಎಂದು ಕೇಳಿ, ಗಲ್ಲ ಸವರಿ, ಬಿಸ್ಕಿಟ್ಟು ಕೊಟ್ಟು ಹೋಗುತ್ತಿದ್ದರು. ಬಿಸ್ಕಿಟ್ಟು ತಿಂದ ಮೇಲೆ ರೊಟ್ಟಿ ಇಳಿಯುವುದೆಲ್ಲಿಂದ? ಶಾವಂತ್ರೆವ್ವ ಒಮ್ಮೆ ಸಿಟ್ಟು ತಡೆಯದೆ ಮಗುವಿನ ಬೆನ್ನಿಗೆ ಹೊಡೆದಳು. ಆಮೇಲೆ ಒಲೆಯ ಮುಂದೆ ಕೂತು ತನ್ನ ಕೈಗೇ ಹೊಡೆದುಕೊಂಡಳು.

ಪ್ರತಿ ವರ್ಷ ಆ ದಿನ ಬಂದಾಗ ಒಬ್ಬ ವರದಿಗಾರ ಕ್ಯಾಮೆರಾದವನ ಜೊತೆ ಬರುತ್ತಿದ್ದ. ಬಸಲಿಂಗಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ತಂದೆತಾಯಿಯ ಫೋಟೊ ಹಿಡಿಸಿ ಮಗುವನ್ನು ನನ್ನ ಪಕ್ಕ ನಿಲ್ಲಿಸುತ್ತಿದ್ದರು. ನಾಲ್ಕನೇ ವರ್ಷದ ಹೊತ್ತಿಗೆ ತ್ರಿವೇಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಯಾಮೆರಾ ಕಂಡ ಕೂಡಲೇ ಫೋಟೊ ತಂದು ಎದೆಗೆ ಹಿಡಿದು ತಲೆ ತಗ್ಗಿಸಿದಳು.

ವರದಿಗಾರ ಮೆಲ್ಲಗೆ ಕೇಳಿದ: “ಅಮ್ಮನ ಬಗ್ಗೆ ಏನು ನೆನಪಿದೆ ಪುಟ್ಟಾ?”

“ಅವ್ವಂದು ಏನೂ ನೆನಪಿಲ್ರಿ. ಮೀಸಿ ಮಾಮಾ ನೆನಪದಾನ. ಟಿವಿಯಾಗ ಬರ್ತಾನಲ್ರಿ.”

“ಅದನ್ನ ಬಿಡು. ಅಮ್ಮ ಬೇಕು ಅಂತ ಹೇಳು.”

ಹೇಳಲು ಮಗು ಬಾಯಿ ತೆರೆದಿತ್ತು. ಶಾವಂತ್ರೆವ್ವ ಬಂದು ಅವಳ ಕೈಯಿಂದ ಫೋಟೊ ತೆಗೆದುಕೊಂಡಳು. “ಸಾಕ್ರಿ. ಇನ್ನ ಬರಬ್ಯಾಡ್ರಿ,” ಎಂದಳು. ಬಸಲಿಂಗಪ್ಪ ಏನೋ ಹೇಳಹೋದ. ಅವಳು ಅವನತ್ತ ನೋಡಿದಳು.

ಕ್ಯಾಮೆರಾದವರು ಹೋದ ಮೇಲೆ ಶಾವಂತ್ರೆವ್ವ ರೊಟ್ಟಿ ಬಡಿಯಲು ಕೂತಳು. ನಾಲ್ಕು ವರ್ಷ ಅವಳು ನನ್ನ ಬಾಯಿ ಮುಚ್ಚಿಸುವುದರಲ್ಲೇ ಕಳೆದಿದ್ದಳು. ತಂಗಿಯ ಸುದ್ದಿ ತೆಗೆದರೆ ಎಲ್ಲಿ ತಾನೇ ಅತ್ತುಬಿಡುವೆನೋ ಎಂದು ತನ್ನ ಬಾಯಿಯನ್ನೂ ಮುಚ್ಚಿಕೊಂಡಿದ್ದಳು. ಮಗುವಿನ ನೆನಪಿನಲ್ಲಿ ಅವ್ವನ ಜಾಗಕ್ಕೆ ಮೀಸೆಯವನು ಬಂದು ಕೂತಿದ್ದ.

“ನಿಮ್ಮವ್ವ ದೊಡ್ಡ ಸುಳ್ಳಿ ಇದ್ಲು,” ಎಂದಳು ಕೊನೆಗೆ, ತಿರುಗಿ ನೋಡದೆ. “ಬೆಲ್ಲ ಕದ್ದು ತಿಂದು ನನ್ನ ಮ್ಯಾಲೆ ಹಾಕತಿದ್ಲು.”

ತ್ರಿವೇಣಿ ಹತ್ತಿರ ಸರಿದಳು. “ಮತ್ತ?”

“ಮತ್ತೇನು. ನಾ ಹೊಡಿಸ್ಕೊಂಡೆ.”

ಹುಡುಗಿ ನಕ್ಕಳು. ಅಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.

ಅಲ್ಲಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ರೈಲಿನ ಕೂಗು ಕೇಳಿದರೆ ಹುಡುಗಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವುದು ಇನ್ನೂ ಎರಡು ವರ್ಷ ನಡೆಯಿತು. ಹನ್ನೆರಡಕ್ಕೆ ಎದುರು ಮಾತು ಕಲಿತಳು. “ನೀ ಏನ ನಮ್ಮವ್ವಲ್ಲ,” ಎಂದು ಒಂದು ದಿನ ತಟ್ಟೆ ನೂಕಿದಳು. ಶಾವಂತ್ರೆವ್ವ “ಅಲ್ಲ ಬಿಡು. ಉಣ್ಣು,” ಎಂದು ತಟ್ಟೆಯನ್ನು ಮತ್ತೆ ಮುಂದಿಟ್ಟಳು. ಊಟ ಮುಗಿಯುವವರೆಗೂ ಅಲ್ಲೇ ಕೂತಳು.

ಆ ವರ್ಷವೇ ನನ್ನ ಪಿಕ್ಚರ್ ಟ್ಯೂಬು ಹೋಯಿತು. ರಿಪೇರಿ ಮಾಡಿಸಲು ಯಾರೂ ಅವಸರ ಮಾಡಲಿಲ್ಲ. ಮೂಲೆಗೆ ಸರಿಸಿ ನನ್ನ ತಲೆಯ ಮೇಲೆ ರೊಟ್ಟಿ ಬುಟ್ಟಿ ಇಟ್ಟರು. ಬೆಚ್ಚಗಿನ ಭಾರ. ಜೀವಮಾನವಿಡೀ ಲೋಕಕ್ಕೆಲ್ಲ ಬಾಯಾಗಿದ್ದವನಿಗೆ ಸುಮ್ಮನಿರುವುದು ಇಷ್ಟು ಹಿತವೆಂದು ಗೊತ್ತಿರಲಿಲ್ಲ.

ಮೊನ್ನೆ ತ್ರಿವೇಣಿ ನನಗೆ ಒರಗಿ ಕೂತು ಧಾರವಾಡದ ಹಾಸ್ಟೆಲಿನ ಅರ್ಜಿ ತುಂಬುತ್ತಿದ್ದಳು. ಅವಳಿಗೀಗ ಹದಿನೇಳು.

“ತಾಯಿ ಹೆಸರು ಅಂತ ಐತಿ,” ಎಂದಳು.

“ನಿಮ್ಮವ್ವಂದ ಬರಿ,” ಎಂದಳು ಶಾವಂತ್ರೆವ್ವ ಒಲೆಯ ಮುಂದಿನಿಂದ.

“ಬರದೀನಿ. ನಿಂದೂ ಬರದೀನಿ.”

“ಒಂದ ಗೆರಿ ಇರ್ತದಲ್ಲ, ಹೆಂಗ ಹಿಡಿಸ್ತದ?”

“ಸಣ್ಣಗ ಬರದೀನಿ, ದೊಡ್ಡವ್ವ.”