ಎಡಗೈಯ ಗವಸು

ಸದ್ದಿಲ್ಲ, ನಿನ್ನೆ ಮಧ್ಯಾಹ್ನದವರೆಗೂ ಈ ಷೆಡ್ಡಿನೊಳಗೆ ಸಾವಿರ ಜನ ಬಾಯಿ ಮುಚ್ಚಿಕೊಂಡು ಹಪ್ಪಳ ತಿನ್ನುವಂಥ ಸದ್ದಿತ್ತು, ಈಗ ಒಂದು ರೇಷ್ಮೆ ಹುಳವೂ ಮೇಯುತ್ತಿಲ್ಲ, ಎಲ್ಲ ತಲೆ ಎತ್ತಿಕೊಂಡು ಇದ್ದಲ್ಲೇ ನಿಂತಿವೆ, ನಾಲ್ಕನೇ ಜ್ವರ, ಹಳೇ ಚರ್ಮ ಕಳಚಿ ಹೊಸದು ಬರುವವರೆಗೆ ಅವಕ್ಕೆ ಸೊಪ್ಪೂ ಬೇಡ ಸಂಗವೂ ಬೇಡ, ಪ್ರಾರ್ಥನೆಗೆ ನಿಂತ ಸ್ಕೂಲು ಮಕ್ಕಳ ಹಾಗೆ ನೆಟ್ಟಗೆ, ಒಳಗೆ ಏನು ನಡೆದಿದೆಯೋ ಹೆಡ್ಮಾಸ್ಟರಿಗೂ ತಿಳಿಯದು — ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು, ಅದರಲ್ಲಿ ಕಾಲು ಅದ್ದಿಕೊಂಡು ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೇನೆ, ಮಡಿಲಲ್ಲಿ ಸುಣ್ಣದ ಪುಡಿಯ ಬುಟ್ಟಿ, ನಲವತ್ತಾರು ವರ್ಷಕ್ಕೆ ಅವ್ವ ಜ್ವರದ ದಿನ ನನ್ನನ್ನು ಒಳಗೆ ಬಿಟ್ಟಿರುವುದು ಇದೇ ಮೊದಲು, ಅದೂ ಕೆಲಸದ ಮುನ್ನೀ ತಂಗಿಯ ಮದುವೆಗೆಂದು ಚನ್ನಪಟ್ಟಣಕ್ಕೆ ಹೋಗಿರುವುದರಿಂದ, ಇಲ್ಲದಿದ್ದರೆ ಲೇ ಬಾಲ ಆಚ್ಗೇ ನಿಂತ್ಕೊ, ನಿನ್ ಮೈಯೆಲ್ಲಾ ಗ್ಯಾಸ್ ವಾಸ್ನೆ. ಅವ್ವ, ನಾವು ಹಡಗಿಗೆ ತುಂಬುವ ಗ್ಯಾಸಿಗೆ ವಾಸನೆಯೇ ಇರಲ್ಲ, ಅಡುಗೆ ಮನೆಗೆ ಬರೋ ಸಿಲಿಂಡರಿಗೆ ಆಮೇಲೆ ಸೇರಿಸ್ತಾರೆ, ಸೋರಿದ್ರೆ ಗೊತ್ತಾಗ್ಲಿ ಅಂತ. ಹಂಗಾರೆ ಅಲ್ಲಿ ಸೋರುದ್ರೆ ನಿಂಗೆಂಗ್ಲಾ ಗೊತ್ತಾಯ್ತದೆ? ಈ ಪ್ರಶ್ನೆಯನ್ನು ಬಂದರಿನ ಪರೀಕ್ಷೆಯಲ್ಲಿ ಸೂಟು ಹಾಕಿದ ಮೂವರು ಅರ್ಧ ಗಂಟೆ ಸುತ್ತಿ ಬಳಸಿ ಕೇಳಿದ್ದರು, ಅವ್ವ ಸೀಗೆ ಸೊಪ್ಪು ಬಿಡಿಸುತ್ತಾ ಕೇಳಿದಳು — ಜೇಬಿನಲ್ಲಿ ಫೋನು ಗುರ್ರೆನ್ನುತ್ತದೆ, ಮತ್ತೆ ಮನೋಹರ್, ನಮ್ಮ ಟರ್ಮಿನಲ್ಲಿನ ಮ್ಯಾನೇಜರು, ಬಾಲರಾಜ್ ರಿಪೋರ್ಟ್ ಡ್ರಾಫ್ಟ್ ನೋಡಿದ್ರಾ, ಹನ್ನೊಂದಕ್ಕೆ ಹೆಡ್ ಆಫೀಸಿಗೆ ಹೋಗ್ಬೇಕು, ಓಕೆ ಅಂತ ಒಂದೇ ಒಂದು ಮಾತು ಹಾಕಿ ಸಾಕು. ಈಗ ಹತ್ತೂ ಕಾಲು. ನೋಡಿದೆ, ಬಸ್ಸಿನಲ್ಲಿ ನೋಡಿದೆ, ನಮ್ಮೂರು ಅಕ್ಕೂರಿನ ಸ್ಟಾಪಿನಲ್ಲಿ ಇಳಿದು ನೋಡಿದೆ, ಎರಡೇ ವಾಕ್ಯ, ಹಡಗಿಗೆ ಪ್ರೊಪೇನ್ ಲೋಡಿಂಗ್ ಸುರಕ್ಷಿತವಾಗಿ ಪೂರ್ಣಗೊಂಡಿದೆ, ಪೂರ್ಣಗೊಂಡ ನಂತರ ತಂತ್ರಜ್ಞ ಬಸವಯ್ಯನವರು ಸೂಚನೆಗೆ ಕಾಯದೆ ಬೋಲ್ಟ್ ಸಡಿಲಿಸಿದ್ದರಿಂದ ಅವರ ಎಡಗೈಗೆ ಗಾಯವಾಗಿದೆ. ಸೂಚನೆಗೆ ಕಾಯದೆ. ಎಷ್ಟು ಸಣ್ಣ ಮಾತು, ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಷ್ಟು, ಮಂಗಳವಾರದಿಂದ ಕಾಲು ಊರಿದಲ್ಲೆಲ್ಲ ಒತ್ತುತ್ತಿದೆ.

ಮಂಗಳವಾರ, ಹೌದು, ಮಧ್ಯಾಹ್ನ ಮೂರು, ಕರಾವಳಿಯ ಬಿಸಿಲು, ಜೆಟ್ಟಿಯ ತುದಿ, ಇಪ್ಪತ್ತೆಂಟು ಗಂಟೆಯಿಂದ ತುಂಬುತ್ತಿದ್ದೆವು, ಮೈನಸ್ ನಲವತ್ತೆರಡು ಡಿಗ್ರಿಗೆ ಇಳಿಸಿದರೆ ಈ ಅನಿಲ ನೀರಿನ ಹಾಗೆ ತೆಪ್ಪಗೆ ಹರಿಯುತ್ತದೆ, ಒಂದು ಹನಿ ಆಚೆ ಬಿದ್ದರೆ ಸಾಕು, ಬುದ್ಧಿ ತೋರಿಸುತ್ತದೆ, ಟ್ಯಾಂಕು ನೂರಕ್ಕೆ ನೂರು ತುಂಬುವಂತಿಲ್ಲ, ತೊಂಬತ್ತೆಂಟಕ್ಕೆ ನಿಲ್ಲಿಸಬೇಕು, ಕೊನೆಯ ಒಂದು ಗಂಟೆ ಹಾಲು ಉಕ್ಕುವ ಮುಂಚೆ ಉರಿ ಸಣ್ಣ ಮಾಡಿದ ಹಾಗೆ ಮಾಡುತ್ತಾ ಬರಬೇಕು, ನಿಧಾನ, ಇನ್ನೂ ನಿಧಾನ, ನಿಲ್ಸಿ. ಪಂಪು ನಿಂತಿತು. ಪಂಪು ನಿಂತೊಡನೆ ಎಲ್ಲರ ಮುಖದಲ್ಲೂ ಮದುವೆ ಮುಗಿದ ಕಳೆ, ಹಡಗಿನ ಫಿಲಿಪೀನಿ ಅಧಿಕಾರಿ ಕೈ ಬೀಸಿದ, ಯಾರೋ ಟೀ ತಂದರು, ಯಾರಿಗೂ ನೆನಪಿರುವುದಿಲ್ಲ, ಅಪಾಯದ ಕೆಲಸ ಇನ್ನು ಮುಂದಿದೆ ಅಂತ, ದಡಕ್ಕೂ ಹಡಗಿಗೂ ನಡುವೆ ಚಾಚಿಕೊಂಡಿರುವ ಆ ಕಬ್ಬಿಣದ ತೋಳು, ಅದರೊಳಗೆ ಉಳಿದ ದ್ರವವನ್ನು ನೈಟ್ರೋಜನ್ ಊದಿ ಹಡಗಿನೊಳಕ್ಕೆ ತಳ್ಳಬೇಕು, ಒಂದು ಸಲ, ಎರಡು ಸಲ, ಮೂರು ಸಲ, ಆಮೇಲೆ ತೋಳಿನ ತಳದ ಬಾಗಿನಲ್ಲಿರುವ ಹೆಬ್ಬೆಟ್ಟಿನಷ್ಟು ಕೊಳಾಯಿ ತಿರುಗಿಸಿ ಕಣ್ಣಾರೆ ನೋಡಬೇಕು, ಒಣಗಿದೆಯೇ ಅಂತ, ಆಮೇಲೆ ಬೋಲ್ಟು ಬಿಚ್ಚಬೇಕು, ಪುಸ್ತಕ ಹಾಗೆನ್ನುತ್ತದೆ, ಪುಸ್ತಕ ಬರೆದವನಿಗೆ ಹಿತ್ತಾಳೆ ಸಲಾಕೆ ಇರಲಿಲ್ಲ. ನನಗಿತ್ತು. ಸಲಾಕೆಯ ಒಂದು ತುದಿ ಪೈಪಿಗೆ, ಇನ್ನೊಂದು ಕಿವಿಗೆ, ಒಳಗಿನ ದ್ರವ ಎಷ್ಟು ಹರಿಯಿತು ಎಷ್ಟು ಉಳಿಯಿತು ಎಲ್ಲ ಹೇಳುತ್ತಿದ್ದೆ, ಹತ್ತೊಂಬತ್ತು ವರ್ಷ ಹೇಳಿದ್ದೇನೆ, ಅಕ್ಕೂರಿನ ಕಿವಿ ಅಂತ ಹೆಸರು ಬಿದ್ದು ಹೊಸಬರಿಗೆ ಪರಿಚಯ ಮಾಡಿಕೊಡುವಾಗಲೂ ಮನೋಹರ್ ಅದನ್ನೇ ಹೇಳುತ್ತಿದ್ದರು, ಟೀ ಹೊತ್ತಿನಲ್ಲಿ ನಾನೂ ಕಥೆ ಬಿಡುತ್ತಿದ್ದೆ, ನಮ್ಮವ್ವ ಹುಳದ ಮನೆ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತುಕೊಂಡು ಬರೀ ಕೇಳಿಸಿಕೊಂಡೇ ಹುಳ ಜ್ವರದಿಂದ ಎದ್ದವೋ ಇಲ್ಲವೋ ಹೇಳಿಬಿಡುತ್ತಾಳೆ, ಒಂದು ಸಲವೂ ತಪ್ಪಿಲ್ಲ, ಇದು ರಕ್ತದಲ್ಲಿ ಬರಬೇಕು ಕಣ್ರಿ, ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ಬಸವಯ್ಯ ಒಬ್ಬರೇ, ನಾನು ಅಯ್ನೋರೆ ಅಂತ ಕರೆಯುವವರು, ಮೀಸೆಯಡಿ ನಗುತ್ತಾ, ನಮ್ ತಿಪ್ಪಸಂದ್ರದಲ್ಲೂ ಹುಳ ಸಾಕ್ತಾರೆ ಗೌಡ, ನಮ್ಮ ಹುಳ ಒಸಿ ಮೂಗ್ವು ಅಂತ ಕಾಣ್ತದೆ. ಅವತ್ತು ಎರಡು ಊದು ಮುಗಿದಿತ್ತು. ವಾಕಿಟಾಕಿಯಲ್ಲಿ ಮನೋಹರ್, ಹಡಗು ಹೊರಡಿಸೋಕೆ ಪೈಲಟ್ ಹತ್ತಿ ಕೂತಿದ್ದಾನೆ, ನೀರು ಇಳೀತಾ ಇದೆ, ಬಾಲರಾಜ್ ಇನ್ನೆಷ್ಟೊತ್ತು. ಮೂರನೇ ಊದಿಗೆ ಇಪ್ಪತ್ತು ನಿಮಿಷ. ಸಲಾಕೆ ಇಟ್ಟು ಕೇಳಿದೆ. ಸದ್ದಿಲ್ಲ. ಹೀಗೇ, ಈ ಷೆಡ್ಡಿನ ಹಾಗೆ, ಮರಿ ಹಾಕಿದ ಬೆಕ್ಕು ಮಲಗಿದ ಹಾಗೆ ನಿಶ್ಶಬ್ದ. ಖಾಲಿ, ಬಿಚ್ಚಿ ಅಯ್ನೋರೆ. ಅವರು ಸ್ಪ್ಯಾನರು ಹಿಡಿದು ಒಂದು ಕ್ಷಣ ನಿಂತರು — ಆ ಒಂದು ಕ್ಷಣ ವರದಿಯಲ್ಲಿ ಎಲ್ಲೂ ಇಲ್ಲ — ಕೊಳಾಯಿ ಒಂದ್ಸಲ ನೋಡ್ಬುಡನಾ ಗೌಡ? ನಾನು ನಕ್ಕೆ, ನಕ್ಕೆನಲ್ಲ, ಯಾಕೆ ಅಯ್ನೋರೆ ನನ್ ಕಿವಿ ಮ್ಯಾಲೆ ನಂಬ್ಕೆ ಇಲ್ವಾ? ಐತೆ ಬುಡಪ್ಪ, ಐತೆ. ಮೊದಲನೇ ಬೋಲ್ಟು. ಎರಡನೇ ಬೋಲ್ಟು. ಉಸ್ ಅಂತ ಯಾರೋ ಬೇಸರದಿಂದ ಉಸಿರು ಬಿಟ್ಟಂಥ ಸದ್ದು, ಬಿಳಿ, ಬರೀ ಬಿಳಿ, ಅರೆಗಳಿಗೆ, ಬಿಳಿ ಕರಗಿದಾಗ ಅಯ್ನೋರು ನಾಲ್ಕು ಹೆಜ್ಜೆ ಹಿಂದೆ ಕೂತಿದ್ದಾರೆ, ಎಡಗೈಯನ್ನು ಬಲಗೈಲಿ ಹಿಡಿದು ಬೇರೆಯವರ ಕೈ ನೋಡುವ ಹಾಗೆ ನೋಡುತ್ತಿದ್ದಾರೆ, ಅವರ ಎಡಗೈಯ ಗವಸು ಮಾತ್ರ ಅಲ್ಲೇ ಇದೆ, ಹಿಮ ಕಟ್ಟಿದ ಕಬ್ಬಿಣಕ್ಕೆ ಅಂಗೈ ಅಂಟಿಸಿಕೊಂಡು, ಬೆರಳು ಅಗಲಿಸಿಕೊಂಡು, ಒಳಗೆ ಕೈಯಿದ್ದ ಹಾಗೆಯೇ ಉಬ್ಬಿಕೊಂಡು.

ಕಿಡಿ ಹಾರಲಿಲ್ಲ, ಬೆಂಕಿಯಿಲ್ಲ, ಇಡೀ ಬಂದರಿಗೆ ಏನೂ ಆಗಲಿಲ್ಲ, ಐದೂವರೆಗೆ ಹಡಗು ಸಿಳ್ಳೆ ಹೊಡೆದುಕೊಂಡು ಹೊರಟಿತು, ಸುರಕ್ಷಿತವಾಗಿ ಪೂರ್ಣಗೊಂಡಿದೆ ಅನ್ನುವುದು ಸುಳ್ಳೇನಲ್ಲ, ಅಕ್ಷರಶಃ ನಿಜ, ಒಂದು ಕೈ ಬಿಟ್ಟರೆ. ಆಸ್ಪತ್ರೆಯಲ್ಲಿ ಅಯ್ನೋರಿಗೆ ಬ್ಯಾಂಡೇಜು ಸುತ್ತಿ ಕೈ ಒಂದು ಎಲೆಕೋಸಿನಷ್ಟಾಗಿತ್ತು, ಮೂರು ಬೆರಳು ಉಳಿಯುತ್ತವೆ, ಎರಡರ ವಿಷಯ ಶುಕ್ರವಾರ ಹೇಳುತ್ತೇವೆ ಎಂದಿದ್ದರು ಡಾಕ್ಟರು, ಇವತ್ತು ಶುಕ್ರವಾರ. ಎಡಗೈ. ಊಟದ ಕೈಯಲ್ಲ ಬುಡಿ ಅಯ್ನೋರೆ ಅಂತ ಬಾಯಿ ತಪ್ಪಿ ಸಮಾಧಾನ ಹೇಳಿಬಿಟ್ಟೆ, ಅವರು ನನ್ನನ್ನೇ ನೋಡಿದರು, ಲಿಂಗ ಹಿಡ್ಯೋ ಕೈ ಗೌಡ. ನನಗೆ ಗೊತ್ತಿತ್ತು, ಹತ್ತೊಂಬತ್ತು ವರ್ಷ ಪಕ್ಕದ ಕ್ವಾರ್ಟರ್ಸಿನ ಕಿಟಕಿಯಲ್ಲಿ ದಿನಾ ಬೆಳಗ್ಗೆ ನೋಡಿದ್ದೇನೆ, ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಕೂತು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಬಲಗೈಯಲ್ಲಿ ಪತ್ರೆ ಏರಿಸುವುದು, ಅಷ್ಟು ಹೊತ್ತು ಅವರ ಮನೆಯ ರೇಡಿಯೋ ಕೂಡ ಸಣ್ಣದಾಗುತ್ತಿತ್ತು. ನನ್ನ ಮುಖ ನೋಡಿ ಅವರೇ ನಕ್ಕರು, ಯೋಚ್ನೆ ಮಾಡ್ಬ್ಯಾಡ, ಸ್ವಾಮಿ ಕೂರಕ್ಕೆ ಅಂಗೈ ಸಾಕು, ಬೆರಳಿಲ್ದಿದ್ರೆ ಅವನೇ ಒಸಿ ಹುಸಾರಾಗಿ ಕೂತ್ಕೋಬೇಕು ಅಷ್ಟೆಯ. ನಾನೂ ನಕ್ಕೆ, ನನಗೆ ಈಚೆಗೆ ನಗಬಾರದ ಕಡೆಯೇ ನಗು ಬರುತ್ತದೆ. ಎದ್ದು ಹೊರಡುವಾಗ ಕರೆದು, ಗೌಡ, ಮೂವತ್ತೊಂದು ವರ್ಸ ಆಯ್ತು, ಒಂದು ಮೆಮೋ ಇಲ್ಲ ನನ್ ಫೈಲ್ನಾಗೆ, ಇನ್ ಹದಿನಾಕು ತಿಂಗ್ಳು, ಹಂಗೇ ಮನೆಗ್ ಕಳ್ಸುದ್ರೆ ಸಾಕು. ಅಷ್ಟೇ. ನೀನು ಹೇಳು ಅನ್ನಲಿಲ್ಲ, ಹೇಳಬೇಡ ಅನ್ನಲಿಲ್ಲ. ಮನೋಹರ್ ಕಾರಿಡಾರಿನಲ್ಲೇ ಕಾದಿದ್ದರು, ನೋಡಿ ಬಾಲರಾಜ್, ಅವರು ಹೇಗೂ ರಿಟೈರ್ ಆಗೋರು, ನಿಮ್ಮ ಲೋಡಿಂಗ್ ಲೈಸೆನ್ಸ್ ಹೋದ್ರೆ ನೀವು ಜೆಟ್ಟಿ ಮೆಟ್ಟಿಲು ಹತ್ತೋ ಹಾಗಿಲ್ಲ, ಊರಿಗೆ ಹೋಗಿ ನಾಲ್ಕು ದಿನ ರೆಸ್ಟ್ ತಗೊಳ್ಳಿ, ತಣ್ಣಗೆ ಯೋಚ್ನೆ ಮಾಡಿ. ತಣ್ಣಗೆ ಅಂದರು, ಪಾಪ, ಬೇರೆ ಪದ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಗವಸು, ಬಸ್ಸಿನ ಕಿಟಕಿಗೆ ತಲೆ ಆನಿಸಿದರೆ ಗಾಜಿನಾಚೆ ಗವಸು, ಮೂರು ದಿನದಿಂದ ನಿದ್ದೆ ಅನ್ನುವುದು ಬರೀ ರೆಪ್ಪೆಯ ವ್ಯಾಯಾಮ.

ಅವ್ವ ಬಂದಳು, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಹೊಸಲು ದಾಟಿ ನಿಂತಳು, ಕಣ್ಣು ಮುಚ್ಚಿದಳು, ಅದೇ, ಅದೇ ಭಂಗಿ, ಆರು ವರ್ಷದವನಾಗಿದ್ದಾಗ ಹೊರಗೆ ಹುಣಸೆ ಮರದಡಿ ನಿಂತು ನೋಡುತ್ತಿದ್ದದ್ದು, ಕಣ್ಣು ಮುಚ್ಚುತ್ತಾಳೆ, ಕೇಳುತ್ತಾಳೆ, ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ, ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು, ಎದ್ದವೆ ಕಣ್ರಪ್ಪೋ ಸೊಪ್ಪು ತನ್ನಿ — ಈಗ ಕಣ್ಣು ಬಿಟ್ಟಳು, ಹುಳ ಹರಡಿದ ಅಟ್ಟಣೆಯ ಹತ್ತಿರ ಹೋದಳು, ಬಾಡಿದ ಸೊಪ್ಪನ್ನು ಎರಡು ಬೆರಳಲ್ಲಿ ಎತ್ತಿ ಕೆಳಗೆ ಬಗ್ಗಿ ನೋಡಿದಳು, ಇನ್ನೊಂದು ಎಲೆ, ಇನ್ನೊಂದು, ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದು ಅದರ ಮೂತಿ ನೋಡಿದಳು, ಕೆಳಗಿನ ಅಟ್ಟಣೆ, ಮೂಲೆ, ಮತ್ತೆ ಮೂತಿ. ಏನವ್ವ ಹುಡುಕ್ತಾ ಇದ್ದೀಯಾ? ಎದ್ದವಾ ಅಂತ ನೋಡ್ತಾವ್ನಿ ಕಣ್ಲಾ, ಎದ್ದಿರವುಕ್ಕೆ ಮೂತಿ ದಪ್ಪ ಆಗಿರ್ತದೆ, ಇವು ಅರ್ಧ ಎದ್ದವೆ ಅರ್ಧ ಎದ್ದಿಲ್ಲ, ಈಗ್ಲೇ ಸೊಪ್ಪಾಕುದ್ರೆ ಎದ್ದಿರವು ತಿಂತವೆ, ಮಲ್ಗಿರವು ಸೊಪ್ಪಿನಡೀಲಿ ಮುಚ್ಚೋಯ್ತವೆ, ಸುಣ್ಣ ಎರ್ಚು, ಎಲ್ಲಾ ಏಳಗಂಟ ಕಾಯಿ. ನೀನು ಕೇಳಿಸ್ಕೊಂಡೇ ಹೇಳ್ತಿದ್ದೆಯಲ್ಲವ್ವ. ಏನ? ಎದ್ದದ್ದು. ಅವ್ವ ನನ್ನನ್ನು ನೋಡಿದಳು, ಅದೇ ಮೂತಿ ನೋಡುವ ನೋಟ, ಕಿವೀಲಿ ಜ್ವರಕ್ಕೆ ಕೂತದ್ದು ಗೊತ್ತಾಯ್ತದೆ ಮಗ, ಎದ್ದದ್ದು ಗೊತ್ತಾಗಕಿಲ್ಲ, ಮಲ್ಗಿರೋ ಹುಳಾನೂ ಸದ್ದು ಮಾಡಕಿಲ್ಲ, ಹಸ್ಕೊಂಡಿರೋ ಹುಳಾನೂ ಸದ್ದು ಮಾಡಕಿಲ್ಲ, ನೋಡ್ದೆ ಎಂಗ್ ಹೇಳದು? ಮತ್ತೆ ಬಾಗಿಲಲ್ಲಿ ಕಣ್ಣು ಮುಚ್ಕೊಂಡು ನಿಂತ್ಕೊಳ್ಳೋದು? ಅಯ್ಯೋ ನಿನ್ನ, ಬಿಸ್ಲಿಂದ ಒಳಕ್ ಬಂದ್ರೆ ಕಣ್ಣು ಕತ್ಲೆ ಕಟ್ತದಲ್ವೇನ್ಲಾ, ಒಸಿ ಒಗ್ಗ್ಲಿ ಅಂತ.

ಕತ್ತಲೆ ಕಟ್ಟುತ್ತದೆ ಅಂತ. ನಲವತ್ತು ವರ್ಷ. ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆದದ್ದನ್ನು ನಾನು ನೋಡಿಯೇ ಇರಲಿಲ್ಲ, ಹುಣಸೆ ಮರದಡಿ ನಿಂತು ಅರ್ಧ ವಿದ್ಯೆ ಕಲಿತು ಅದಕ್ಕೊಂದು ಹಿತ್ತಾಳೆ ಸಲಾಕೆ ಮಾಡಿಸಿಕೊಂಡು ಸಮುದ್ರದವರೆಗೆ ಹೋಗಿದ್ದೆ, ಖಾಲಿಯಾದ ಪೈಪೂ ಸದ್ದು ಮಾಡುವುದಿಲ್ಲ, ತಳದ ಬಾಗಿನಲ್ಲಿ ಒಂದು ಚೊಂಬು ಉಳಿಸಿಕೊಂಡು ಸುಮ್ಮನೆ ಕೂತ ಪೈಪೂ ಸದ್ದು ಮಾಡುವುದಿಲ್ಲ, ಅವ್ವನಿಗೆ ಗೊತ್ತಿತ್ತು, ಅಯ್ನೋರಿಗೂ ಗೊತ್ತಿತ್ತು, ಕೊಳಾಯಿ ನೋಡ್ಬುಡನಾ ಗೌಡ, ಅವರ ಊರಿನ ಹುಳ ಮೂಗವಾದದ್ದಕ್ಕೆ ಅವರು ಎಲೆ ಎತ್ತಿ ನೋಡುವುದನ್ನು ಕಲಿತಿದ್ದರು, ಸಾಕು, ಸುಣ್ಣ ಎರಚು, ಎರಚಿದೆ, ಕೈಯೆಲ್ಲ ಬಿಳಿ, ಹತ್ತೂ ಐವತ್ತು, ಬಿಳಿ ಹೆಬ್ಬೆಟ್ಟಿಗೆ ಫೋನು ತೆರೆದುಕೊಳ್ಳದು, ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದೆ, ಓಕೆ ಅನ್ನುವುದಕ್ಕೆ ಎರಡೇ ಅಕ್ಷರ, ಇದಕ್ಕೆ ಸ್ವಲ್ಪ ಜಾಸ್ತಿ, ಮನೋಹರ್ ಸರ್, ಬಿಚ್ಚಿ ಅಂತ ಸೂಚನೆ ಕೊಟ್ಟವನು ನಾನು, ಮೂರನೇ ಸಲ ಊದಿಸಲಿಲ್ಲ, ಕೊಳಾಯಿ ನೋಡುತ್ತೇನೆ ಅಂದ ಬಸವಯ್ಯನವರನ್ನು ತಡೆದವನೂ ನಾನೇ, ಹೀಗೇ ಬರೆಯಿರಿ, ಇಲ್ಲವಾದರೆ ಹೆಡ್ ಆಫೀಸಿಗೆ ನಾನೇ ಬರೆಯುತ್ತೇನೆ. ಹೋಯಿತು. ಎರಡು ಗೀರು ಬಿದ್ದವು. ಆ ಕಡೆ ಮನೋಹರ್ ಏನೋ ಟೈಪು ಮಾಡುತ್ತಿದ್ದಾರೆ, ನಿಲ್ಲಿಸಿದರು, ಮತ್ತೆ ಶುರುಮಾಡಿದರು, ನಿಲ್ಲಿಸಿದರು. ಇನ್ನು ಜೆಟ್ಟಿಯ ಮೆಟ್ಟಿಲಿಲ್ಲ. ಹಗುರವಾಗುತ್ತದೆ ಅಂದುಕೊಂಡಿದ್ದೆ, ಇಲ್ಲ, ಬರೀ ಸುಸ್ತು, ಹೊತ್ತದ್ದನ್ನು ಇಳಿಸಿದ ಮೇಲೂ ಭುಜ ಓರೆಯಾಗಿಯೇ ಇರುವಂಥ ಸುಸ್ತು, ಆಸ್ಪತ್ರೆಯಲ್ಲಿ ಈಗ ಡಾಕ್ಟರು ಎಲೆಕೋಸಿನ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಿರಬಹುದು, ಮೂರೋ, ಐದೋ, ನಾನು ಓಕೆ ಅಂದಿದ್ದರೂ ಅಷ್ಟೇ, ಅನ್ನದಿದ್ದರೂ ಅಷ್ಟೇ — ಕಾಯಿ ಅಂದಳಲ್ಲ ಅವ್ವ, ಕಾಯುತ್ತೇನೆ, ಹುಳ ತಲೆ ಎತ್ತಿಕೊಂಡು ನಿಂತಿವೆ, ಸದ್ದಿಲ್ಲ, ಸುಣ್ಣ ಅವುಗಳ ಮೇಲೆ ಸಣ್ಣ ಹಿಮದ ಹಾಗೆ, ಹಿಮದ ಮೇಲೆ ಗವಸು, ಹಡಗು ಹೊರಟ ಮೇಲೂ ಅದು ಅಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ, ಬಿಸಿಲಿಗೆ ಕಬ್ಬಿಣ ಬೆವರತೊಡಗಿದರೂ ಬಿಡದೆ ಹಿಡಿದುಕೊಂಡಿತ್ತು, ಎಡಗೈಯದು, ಅಂಗೈ ಕಬ್ಬಿಣಕ್ಕೆ, ಒಳಗೆ ಯಾರೂ ಇಲ್ಲ, ಬೆರಳು ಮಾತ್ರ ಅಗಲಿಸಿಕೊಂಡು, ಎಣಿಸಿದೆ, ಐದು, ಮತ್ತೆ ಎಣಿಸಿದೆ, ಐದೂ ಇದ್ದವು, ಐದೂ —